ಪೈಪ್ ತಂಬಾಕು ಹಳೆಯದಾದಷ್ಟೂ ರುಚಿಯೇ? ಹಾಸನ, ಚಿಕ್ಕಮಗಳೂರಿನ ಹವೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಪೈಪ್ ಸೇದುವವರಲ್ಲಿ ಒಂದು ನಂಬಿಕೆ ಇದೆ. ತಂಬಾಕು ಹಳೆಯದಾದಷ್ಟೂ ರುಚಿ ಹೆಚ್ಚುತ್ತದೆ ಅಂತ. ಅದು ಅರ್ಧ ನಿಜ. ಕೆಲವು ಎಲೆ ವರ್ಷ ಕಳೆದಂತೆ ಸಿಹಿಯಾಗುತ್ತದೆ, ಒರಟುತನ ಬಿಡುತ್ತದೆ. ಕೆಲವು ಸುಮ್ನೆ ಸಪ್ಪೆಯಾಗುತ್ತವೆ. ನಮ್ಮ ಕಡೆ ಮೂರನೆಯದೂ ಒಂದು ಆಗುತ್ತದೆ: ಬೂಷ್ಟು ಹಿಡಿಯುತ್ತದೆ. ಚಳಿದೇಶದಲ್ಲಿ ಕೂತವರು ಹೇಳಿದ ಹಾಗೆ ಆಷಾಢದ ಮಳೆಯಲ್ಲಿ ಸಕಲೇಶಪುರದ ಮನೆಯೊಳಗೆ ಜಾರ್ ತುಂಬಿಸಿಟ್ಟರೆ ಆಗುವುದು ಅದೇ.

ಹಾಗಾಗಿ ಮೊದಲೇ ನನ್ನ ಮಾತು ಹೇಳಿಬಿಡುತ್ತೇನೆ. ಎಷ್ಟು ವರ್ಷ ಇಟ್ಟಿರಿ ಅನ್ನುವುದಕ್ಕಿಂತ, ಮುಚ್ಚಳ ಬಿಗಿದ ದಿನ ಎಲೆಯಲ್ಲಿ ಎಷ್ಟು ತೇವ ಇತ್ತು ಅನ್ನುವುದು ದೊಡ್ಡ ವಿಷಯ. ಆ ದಿನದ ಕೆಲಸ ಸರಿ ಇದ್ದರೆ ಉಳಿದದ್ದನ್ನು ಎಲೆಯೇ ನೋಡಿಕೊಳ್ಳುತ್ತದೆ.

ಇದು ಈಗಾಗಲೇ ಪೈಪ್ ಸೇದುವ ದೊಡ್ಡವರಿಗೆ ಬರೆದದ್ದು. ಕರ್ನಾಟಕದಲ್ಲಿ ತಂಬಾಕು ಕೊಳ್ಳಲು 21 ವರ್ಷ ತುಂಬಿರಬೇಕು. ಹೊಗೆ ಒಳಗೆ ಎಳೆಯದಿದ್ದರೂ ಪೈಪಿನಿಂದ ತುಟಿ, ಬಾಯಿ, ಗಂಟಲಿನ ಕ್ಯಾನ್ಸರ್ ಬರುತ್ತದೆ. ಎಲೆ ಹಳೆಯದಾದರೆ ಹಾನಿ ಕಡಿಮೆಯಾಗುತ್ತದೆ ಅನ್ನುವುದು ಸುಳ್ಳು. ಬೆಚ್ಚಗೆ, ತೇವವಾಗಿ ಇಟ್ಟ ಎಲೆಯಲ್ಲಿ ನೈಟ್ರೋಸಮೈನ್ ಅನ್ನುವ ಕ್ಯಾನ್ಸರ್‌ಕಾರಕಗಳು ಇನ್ನೂ ಹೆಚ್ಚುತ್ತವೆ. ಸೇದದವರು ಇದನ್ನು ಓದಿ ಶುರು ಮಾಡಬೇಕಾದ ಅಗತ್ಯ ಏನೂ ಇಲ್ಲ.

ರುಚಿ ಮೊದಲು ಹುಟ್ಟುವುದು ಬ್ಯಾರನ್‌ನಲ್ಲಿ

ಡಬ್ಬಿಯೊಳಗೆ ಏನಾಗುತ್ತದೆ ಅಂತ ತಿಳಿಯಬೇಕಾದರೆ ಅರಕಲಗೂಡು ತಾಲೂಕಿನ ರಾಮನಾಥಪುರದ ಕಡೆ ಒಮ್ಮೆ ಹೋಗಿ ಬನ್ನಿ. ಕಾವೇರಿ ದಂಡೆಯ ಈ ಊರಿನಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಬೆಳೆಯುವುದು ವರ್ಜೀನಿಯಾ ಹೊಗೆಸೊಪ್ಪು. ಮುಂಗಾರಿಗೆ ನಾಟಿ, ಎಲೆ ಮಾಗುತ್ತಾ ಬಂದಂತೆ ಕೆಳಗಿನಿಂದ ಕಟಾವು. ಕಿತ್ತ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್‌ನಲ್ಲಿ, ಅಂದರೆ ಎಲೆ ಒಣಗಿಸುವ ಮನೆಯಲ್ಲಿ, ಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ, ಬಿಸಿ ಕಬ್ಬಿಣದ ಕೊಳವೆಗಳಲ್ಲಿ ಹರಿದು ಬರುತ್ತದೆ. ಹೊಗೆ ಎಲೆಗೆ ತಾಗುವುದಿಲ್ಲ.

ಮೊದಲ ಒಂದೆರಡು ದಿನ ಬಿಸಿ 35 ಡಿಗ್ರಿಯ ಆಸುಪಾಸು. ಎಲೆ ಇನ್ನೂ ಜೀವಂತ. ಅದರ ಪಿಷ್ಟ ಸಕ್ಕರೆಯಾಗುತ್ತದೆ, ಹಸಿರು ಹೋಗಿ ಹಳದಿ ಬರುತ್ತದೆ. ಅಷ್ಟರಲ್ಲಿ ಬಿಸಿ ಏರಿಸುತ್ತಾರೆ. ಕೊನೆಗೆ ನಡುನರ ಒಣಗುವ ಹೊತ್ತಿಗೆ 70 ಡಿಗ್ರಿ ಮುಟ್ಟುತ್ತದೆ. ಎಲೆ ಆ ಸಕ್ಕರೆಯನ್ನು ತಾನೇ ತಿಂದು ಮುಗಿಸುವ ಮುಂಚೆ ಸಾಯುತ್ತದೆ. ಹಾಗಾಗಿ ಸಕ್ಕರೆ ಒಳಗೇ ಉಳಿಯುತ್ತದೆ. ಚೆನ್ನಾಗಿ ಬೇಯಿಸಿದ ವರ್ಜೀನಿಯಾ ಎಲೆಯ ತೂಕದಲ್ಲಿ ಶೇಕಡಾ 10ರಿಂದ 25ರವರೆಗೆ ಸಕ್ಕರೆ ಇರಬಹುದು.

ಬರ್ಲಿ ಅನ್ನುವ ಇನ್ನೊಂದು ಜಾತಿಯ ತಂಬಾಕಿನ ಕಥೆ ಬೇರೆ. ಅದನ್ನು ನೆರಳಿನ ಚಪ್ಪರದಲ್ಲಿ ಗಾಳಿಗೆ ಒಣಗಿಸುತ್ತಾರೆ. ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಎಲೆ ಉಸಿರಾಡುತ್ತಾ ತನ್ನ ಸಕ್ಕರೆಯನ್ನೆಲ್ಲ ಖರ್ಚು ಮಾಡಿಕೊಳ್ಳುತ್ತದೆ. ಕೊನೆಗೆ ಉಳಿಯುವುದು ಕೋಕೋ, ಹುರಿಗಡಲೆ ತರದ ಒಣ ರುಚಿ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಮುಂದಿನದ್ದು ಅರ್ಧ ಗೊತ್ತಾದಂತೆ. ವರ್ಷಗಟ್ಟಲೆ ಇಟ್ಟಾಗ ಬದಲಾಗುವುದು ಮುಖ್ಯವಾಗಿ ಸಕ್ಕರೆ ಇರುವ ಎಲೆ.

ಇಷ್ಟೆಲ್ಲ ಕೇಳಿ, ರಾಮನಾಥಪುರದಿಂದಲೇ ನಾಲ್ಕು ಎಲೆ ತಂದು ಪೈಪಿಗೆ ತುಂಬಿಸಿದರಾಯಿತು ಅನ್ನಿಸಬಹುದು. ಬೇಡ. ಬ್ಯಾರನ್‌ನಿಂದ ಇಳಿಸಿದ ಎಲೆ ಹಸಿ ವಾಸನೆ ಹೊಡೆಯುತ್ತದೆ, ಗಂಟಲು ಕೆರೆಯುತ್ತದೆ. ಬೆಳೆದವರನ್ನೇ ಕೇಳಿ, "ಅಣ್ಣ, ಇದು ಈಗ್ಲೇ ಸೇದೋ ಸೊಪ್ಪಲ್ಲ" ಅಂತಾರೆ. ಅದೂ ಅಲ್ಲದೆ ಕರ್ನಾಟಕದಲ್ಲಿ 1984ರಿಂದ ಹರಾಜು ಪದ್ಧತಿ ಇದೆ. ನೋಂದಾಯಿತ ಬೆಳೆಗಾರರು ಎಲೆಯನ್ನು ಕಟ್ಟೆಯಲ್ಲೇ ಮಾರಬೇಕು. ಕೊಂಡ ಕಂಪನಿಗಳು ಅದನ್ನು ಮತ್ತೆ ಒಣಗಿಸಿ, ತೇವವನ್ನು ಶೇಕಡಾ 12ರ ಆಸುಪಾಸಿಗೆ ತಂದು, ಒತ್ತಿ ಕಟ್ಟಿ, ಗೋಡೌನಿನಲ್ಲಿ ಒಂದರಿಂದ ಮೂರು ವರ್ಷ ಇಡುತ್ತವೆ. ಈ ಕಡೆಯ ಎಲೆಯಲ್ಲಿ ಬಹುಪಾಲು ಹೋಗುವುದು ಸಿಗರೇಟಿಗೆ ಮತ್ತು ರಫ್ತಿಗೆ.

ಅಂದರೆ ನೀವು ಅಂಗಡಿಯಲ್ಲಿ ಕೊಳ್ಳುವ ಪೈಪ್ ತಂಬಾಕು ಆಗಲೇ ಒಂದು ಸುತ್ತು ಹಳೆಯದಾಗಿದೆ. ನಾವು ಮನೆಯಲ್ಲಿ ಮಾಡುವುದು ಎರಡನೇ ಸುತ್ತು.

ಮುಚ್ಚಿದ ಡಬ್ಬಿಯೊಳಗೆ ಏನು ನಡೆಯುತ್ತದೆ?

ಮುಚ್ಚಳ ಹಾಕಿದಾಗ ಒಳಗೆ ಸ್ವಲ್ಪ ಗಾಳಿ ಸಿಕ್ಕಿಕೊಂಡಿರುತ್ತದೆ. ಮೊದಲ ಕೆಲವು ತಿಂಗಳು ಎಲೆ ಆ ಗಾಳಿಯ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಬದಲಾವಣೆ ಬೇಗ. ಹಸಿ, ಖಾರ ವಾಸನೆ ತಗ್ಗುತ್ತದೆ, ಅಮೋನಿಯದ ಘಾಟು ಇದ್ದರೆ ಇಳಿಯುತ್ತದೆ. ಆಮ್ಲಜನಕ ಮುಗಿದ ಮೇಲೆ ಎಲ್ಲವೂ ನಿಧಾನ. ಆಮೇಲಿನ ಕೆಲಸಕ್ಕೆ ವರ್ಷಗಳೇ ಬೇಕು.

ಆ ನಿಧಾನದ ಕೆಲಸದಲ್ಲಿ ಮುಖ್ಯವಾದದ್ದು ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಕಂದು ಬಣ್ಣ, ಹೊಸ ಪರಿಮಳ ಹುಟ್ಟಿಸುವುದು. ಇದಕ್ಕೆ ಮಯಾರ್ ಕ್ರಿಯೆ ಅಂತ ಹೆಸರು. ಕಾಫಿ ಬೀಜ ಹುರಿಯುವಾಗ ನಿಮಿಷಗಳಲ್ಲಿ ಆಗುವುದು ಇದೇ. ಇಲ್ಲಿ ಒಲೆ ಇಲ್ಲ, ಹಾಗಾಗಿ ವರ್ಷಗಳು ಹಿಡಿಯುತ್ತವೆ. ಜೊತೆಗೆ ಎಲೆಯ ಆಮ್ಲಗಳು ಆಲ್ಕೋಹಾಲ್‌ಗಳ ಜೊತೆ ಕೂಡಿ ಎಸ್ಟರ್‌ಗಳಾಗುತ್ತವೆ. ಹಣ್ಣಿನ ಪರಿಮಳಕ್ಕೆ ಇವು ಕಾರಣ. ಹಳದಿ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳು ಒಡೆದು ಹೂವಿನ, ಒಣಹಣ್ಣಿನ ವಾಸನೆ ಬರುತ್ತದೆ. ಅದರ ಬಹುಭಾಗ ಬ್ಯಾರನ್‌ನಲ್ಲಿ ಮತ್ತು ಗೋಡೌನಿನಲ್ಲೇ ಮುಗಿದಿರುತ್ತದೆ.

ಬಾಯಿಗೆ ಇದು ಹೇಗೆ ಗೊತ್ತಾಗುತ್ತದೆ? ಹೊಸ ವರ್ಜೀನಿಯಾದಲ್ಲಿ ಒಣಹುಲ್ಲು, ನಿಂಬೆಸಿಪ್ಪೆ, ಒಂದು ತರದ ಚುರುಕು ಹುಳಿ. ನಾಲಿಗೆ ಉರಿಸುವುದೂ ಜಾಸ್ತಿ. ಮೂರು ವರ್ಷದ ಮೇಲೆ ಆ ನಿಂಬೆ ಹಿಂದೆ ಸರಿದು ಒಣದ್ರಾಕ್ಷಿ, ಅಂಜೂರ ಮುಂದೆ ಬರುತ್ತದೆ. ಹತ್ತು ವರ್ಷದ ಎಲೆಯಲ್ಲಿ ಜೋನಿಬೆಲ್ಲದ ಗಾಢ ಸಿಹಿ, ಹಳೆ ಹುಣಸೆಯ ಸಣ್ಣ ಹುಳಿ. ಎಲೆಯ ಬಣ್ಣವೂ ಹೊಂಬಣ್ಣದಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ಇಳಿಯುತ್ತದೆ. ನಿಕೋಟಿನ್ ಸ್ವಲ್ಪ ತಗ್ಗಬಹುದು. ಆದರೆ ಹಳೆಯದು ಅಂತ ಹಗುರ ಅಂದುಕೊಂಡು ಖಾಲಿ ಹೊಟ್ಟೆಯಲ್ಲಿ ಸೇದಿದರೆ ತಲೆ ತಿರುಗುವುದು ಖಚಿತ.

ಮಿಶ್ರಣಗಳಲ್ಲಿ ಇನ್ನೊಂದು ಆಗುತ್ತದೆ. ಹೊಸದಾಗಿ ಹಾಕಿದ ಮಿಡಿ ಉಪ್ಪಿನಕಾಯಿಯಲ್ಲಿ ಉಪ್ಪು, ಖಾರ, ಸೊನೆ ಒಂದೊಂದೂ ಬೇರೆಬೇರೆ ನಾಲಿಗೆಗೆ ಸಿಗುತ್ತದೆ, ಒಂದು ಮಳೆಗಾಲ ದಾಟಿದ ಮೇಲೆ ಎಲ್ಲ ಒಂದಾಗಿರುತ್ತದೆ ಅಲ್ವಾ, ಹಾಗೆ. ನಾಲ್ಕು ತರದ ಎಲೆ ಇರುವ ಮಿಶ್ರಣಕ್ಕೆ ಆರು ತಿಂಗಳು ಕೊಟ್ಟರೂ ಇದು ಕಾಣುತ್ತದೆ.

ಯಾವುದನ್ನು ಇಡಬೇಕು, ಯಾವುದನ್ನು ಬೇಗ ಮುಗಿಸಬೇಕು

ಜಾಗ, ದುಡ್ಡು ಎರಡೂ ಕಮ್ಮಿ ಇದ್ದರೆ ವರ್ಜೀನಿಯಾ ಮಾತ್ರ ಇಡಿ. ಅದರಲ್ಲೂ ಒತ್ತಿ ಹಲ್ಲೆಯಾಗಿ ಕತ್ತರಿಸಿದ ಫ್ಲೇಕ್. ಇಂಗ್ಲೆಂಡಿನ ಕೆಂಡಲ್ ಊರಿನ ಸ್ಯಾಮ್ಯುಯೆಲ್ ಗಾವಿತ್ 1792ರ ಹಳೇ ಕಂಪನಿ. ಅವರ ಫುಲ್ ವರ್ಜೀನಿಯಾ ಫ್ಲೇಕ್ ಹಳೆಯದಾದಷ್ಟೂ ಒಳ್ಳೆಯದಾಗುವ ಎಲೆಗೆ ಎಲ್ಲರೂ ಕೊಡುವ ಉದಾಹರಣೆ. ನಮ್ಮ ಹಿರಿಯರ ಕಾಲದಿಂದ ಹೆಸರು ಗೊತ್ತಿರುವ ಕ್ಯಾಪ್‌ಸ್ಟನ್ ನೇವಿ ಕಟ್ ಕೂಡ ವರ್ಜೀನಿಯಾದ್ದೇ.

ವರ್ಜೀನಿಯಾ ಜೊತೆ ಪೆರೀಕ್ ಸೇರಿದ ಮಿಶ್ರಣಗಳೂ ಚೆನ್ನಾಗಿ ಹಣ್ಣಾಗುತ್ತವೆ. ಎಸ್ಕುಡೊ ಈ ಜಾತಿಯದು. ಪೆರೀಕ್ ಅಂದರೆ ಅಮೆರಿಕದ ಲೂಯಿಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಶ್‌ನಲ್ಲಿ ಓಕ್ ಪೀಪಾಯಿಯೊಳಗೆ ಭಾರ ಹೇರಿ, ತನ್ನ ರಸದಲ್ಲೇ ಹುಳಿಯಲು ಬಿಟ್ಟ ಎಲೆ. ಮೆಣಸಿನ ಚುರುಕು, ವಿನೆಗರ್ ಹುಳಿ ಅದರ ಗುಣ. ಹಳೆಯದಾದಂತೆ ಮೆಣಸು ತಗ್ಗಿ, ಬೇಯಿಸಿದ ಹಣ್ಣಿನ ರುಚಿ ಮೇಲೆ ಬರುತ್ತದೆ. ನನ್ನ ಕೇಳಿದರೆ ಐದು ವರ್ಷದ ಪೆರೀಕ್ ಮಿಶ್ರಣಕ್ಕಿಂತ ಮಿಗಿಲಾದದ್ದು ಪೈಪಿನಲ್ಲಿ ಇಲ್ಲ.

ಲಟಾಕಿಯಾದ ವಿಷಯದಲ್ಲಿ ಜನ ತಪ್ಪು ತಿಳಿಯುತ್ತಾರೆ. ಬಿಸಿಲಲ್ಲಿ ಒಣಗಿಸಿದ ಎಲೆಯನ್ನು ಪರಿಮಳದ ಕಟ್ಟಿಗೆ, ಪೊದೆಗಳ ಹೊಗೆಗೆ ತಿಂಗಳುಗಟ್ಟಲೆ ಒಡ್ಡಿ ಮಾಡುವ ಎಲೆ ಇದು. ಈಗ ಸಿಗುವುದು ಹೆಚ್ಚಾಗಿ ಸೈಪ್ರಸ್ ಲಟಾಕಿಯಾ. ಅದರ ಜೀವವೇ ಆ ಹೊಗೆ ವಾಸನೆ. ವರ್ಷ ಕಳೆದಂತೆ ಅದು ಮಂಕಾಗುತ್ತದೆ. ಕೆಲವರಿಗೆ ಆ ಮಂಕೇ ಇಷ್ಟ, ಜೊತೆಯ ವರ್ಜೀನಿಯಾ ಸಿಹಿ ಮುಂದೆ ಬರುತ್ತದೆ ಅಂತ. ಹೊಗೆಯ ಖಡಕ್ಕೇ ಬೇಕು ಅನ್ನುವವರು ಮೂರ್ನಾಲ್ಕು ವರ್ಷದೊಳಗೆ ಮುಗಿಸಬೇಕು.

ಬರೀ ಬರ್ಲಿ ಆದರೆ ಕೆಡುವುದಿಲ್ಲ, ಅಂಚು ಸ್ವಲ್ಪ ಮೆತ್ತಗಾಗುತ್ತದೆ. ಅಷ್ಟೇ. ಅದಕ್ಕೆ ಕಾಯುವುದು ದಂಡ.

ವೆನಿಲಾ, ಚೆರ್ರಿ, ರಮ್ ಅಂತ ಪರಿಮಳ ಹಾಕಿದ ತಂಬಾಕನ್ನು ಇಡಲೇಬೇಡಿ. ಆ ಪರಿಮಳ ಮೇಲಿಂದ ಸಿಂಪಡಿಸಿದ್ದು, ಹಾರಿಹೋಗುತ್ತದೆ. ಒಣಗದಂತೆ ಹಾಕಿದ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ ಉಳಿಯುತ್ತದೆ. ಒಂದೆರಡು ವರ್ಷದೊಳಗೆ ಸೇದಿ ಮುಗಿಸಿ.

ಹೆಜ್ಜೆ 1: ಹೂಮಳೆಗೆ ಮುಂಚೆ ತುಂಬಿಸಿ

ತಂಬಾಕು ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 60ರ ಆಸುಪಾಸಿದ್ದರೆ ಎಲೆಯ ತೇವ ಸುಮಾರು 12ರಿಂದ 14ರಲ್ಲಿ ನಿಲ್ಲುತ್ತದೆ. ಆರ್ದ್ರತೆ 70 ದಾಟಿದರೆ ಬೂಷ್ಟಿಗೆ ಬಾಗಿಲು ತೆರೆದ ಹಾಗೆ. ಮೂಡಿಗೆರೆ, ಕಳಸ, ಸಕಲೇಶಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೂ ಆ ಗೆರೆಗಿಂತ ಮೇಲೇ ಇರುತ್ತದೆ. ಬೀರುವಿನ ಚಪ್ಪಲಿಗೆ ಬಿಳಿ ಹಿಡಿಯುವ ಊರಿನಲ್ಲಿ ತಂಬಾಕು ಬಿಚ್ಚಿಡುವ ಮಾತೇ ಇಲ್ಲ.

ಅದಕ್ಕೆ ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಕಾಫಿ ಕಣದಲ್ಲಿ ಒಣಗುತ್ತಿರುವಾಗ ಗಾಳಿಯೂ ಒಣಗಿರುತ್ತದೆ. ಕಾಫಿ ಗಿಡ ಹೂಬಿಡಿಸುವ ಹೂಮಳೆ ಬೀಳುವ ಮುಂಚೆ ಕೆಲಸ ಮುಗಿಸಿ. ವರ್ಷವಿಡೀ ಕೊಂಡ ಡಬ್ಬಿಗಳನ್ನು ಬಿಚ್ಚದೆ ಹಾಗೇ ಇಟ್ಟುಕೊಂಡು, ಜಾರ್‌ಗೆ ಹಾಕುವ ಕೆಲಸವನ್ನೆಲ್ಲ ಈ ಎರಡು ತಿಂಗಳಿಗೆ ಇಟ್ಟುಕೊಳ್ಳಿ.

ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿನವರಿಗೆ ತಾಪತ್ರಯ ಉಲ್ಟಾ. ಅಲ್ಲಿ ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಒಂದು ಗಂಟೆ ಬಿಚ್ಚಿಟ್ಟರೆ ಎಲೆ ಚಕ್ಕೆಯಾಗುತ್ತದೆ. ಅವರು ಬೆಳಗಿನ ಹೊತ್ತು ಮಾಡಿದರೆ ಸಾಕು, ಯಾವ ತಿಂಗಳಾದರೂ ನಡೆಯುತ್ತದೆ. ಒಂದೇ ಜಿಲ್ಲೆಯ ಮೂಡಿಗೆರೆಗೂ ಕಡೂರಿಗೂ ಒಂದೇ ಸಲಹೆ ಕೊಡಲು ಬರುವುದಿಲ್ಲ.

ಹೆಜ್ಜೆ 2: ತೇವ ನೋಡಿ, ಆಮೇಲೆ ಮುಚ್ಚಳ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿ.

ಎಲ್ಲರೂ ಮಾಡುವುದು ಚಿಟಿಕೆ ಪರೀಕ್ಷೆ. ಎಲೆಯನ್ನು ಎರಡು ಬೆರಳಲ್ಲಿ ಒತ್ತಿ ಬಿಡಿ. ಮುದ್ದೆಯಾಗಿಯೇ ಉಳಿದರೆ ತೇವ ಜಾಸ್ತಿ. ಚಟಚಟ ಅಂತ ಮುರಿದರೆ ಒಣಗಿದೆ. ನಿಧಾನವಾಗಿ ಬಿಚ್ಚಿಕೊಂಡರೆ ಹದ. ಸೇದುವುದಕ್ಕೆ ಇಷ್ಟು ಸಾಕು. ಐದು ಹತ್ತು ವರ್ಷ ಇಡುವುದಕ್ಕೆ ಬೆರಳನ್ನು ನಂಬುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲೂ ಮಲೆನಾಡಿನಲ್ಲಿ ನಮ್ಮ ಬೆರಳಿಗೆ ತೇವವೇ ಅಭ್ಯಾಸ. ಒದ್ದೆ ಎಲೆಯೂ ಹದವಾಗಿದೆ ಅನ್ನಿಸುತ್ತದೆ.

ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಲೆಕ್ಕ ಸುಲಭ. 5 ಗ್ರಾಂ ಎಲೆ ತೂಗಿ, ತಟ್ಟೆಯಲ್ಲಿ ಹರಡಿ, ಓವನ್‌ನಲ್ಲಿ 100 ಡಿಗ್ರಿಗೆ ಇಡಿ. ಆಗಾಗ ತೂಗುತ್ತಿರಿ, ತೂಕ ಇಳಿಯುವುದು ನಿಲ್ಲುವವರೆಗೆ. ಕೊನೆಗೆ 4.2 ಗ್ರಾಂ ಉಳಿದರೆ 0.8 ಗ್ರಾಂ ನೀರಿತ್ತು, ಅಂದರೆ ಶೇಕಡಾ 16. ಆ ಎಲೆ ಸೇದಲು ಬರುವುದಿಲ್ಲ, ಎಸೆಯಿರಿ. ಮನೆಯೆಲ್ಲ ವಾಸನೆ ಬರುತ್ತದೆ, ಮನೆಯವರ ಹತ್ತಿರ ಮೊದಲೇ ಹೇಳಿಟ್ಟರೆ ಒಳ್ಳೆಯದು. ಪರಿಮಳ ಹಾಕಿದ ತಂಬಾಕಿಗೆ ಈ ಲೆಕ್ಕ ಸರಿಹೋಗುವುದಿಲ್ಲ. ನೀರಿನ ಜೊತೆ ಬೇರೆ ದ್ರವವೂ ಆವಿಯಾಗುತ್ತದೆ.

ನಮ್ಮ ಕಡೆ ಇಡುವುದಕ್ಕೆ 13ರಿಂದ 16ರ ನಡುವೆ ಇರಲಿ. 12ಕ್ಕಿಂತ ಕೆಳಗೆ ಹೋದರೆ ಕೆಡುವುದಿಲ್ಲ, ಆದರೆ ಬದಲಾವಣೆ ತೀರ ನಿಧಾನ. 18ರ ಮೇಲೆ ಇದ್ದರೆ ಅಪಾಯ. ಕೆಲವು ಕಂಪನಿಯ ಫ್ಲೇಕ್ ಡಬ್ಬಿಯಲ್ಲೇ ಒದ್ದೆಯಾಗಿ ಬರುತ್ತದೆ, ಗಾವಿತ್ ಅದಕ್ಕೆ ಹೆಸರುವಾಸಿ. ಅವರ ಡಬ್ಬಿಯಲ್ಲಿ ಬೂಷ್ಟು ಬರುವುದಿಲ್ಲವಲ್ಲ ಅಂತ ಕೇಳಬಹುದು. ಕಾರ್ಖಾನೆಯಲ್ಲಿ ಎಲೆ ಬಿಸಿಗೆ ಸಿಕ್ಕಿರುತ್ತದೆ, ಬೂಷ್ಟು ತಡೆಯುವ ಪದಾರ್ಥವೂ ಸೇರಿರಬಹುದು, ಬಿಚ್ಚುವವರೆಗೆ ಹೊರಗಿನ ಗಾಳಿ ತಾಗಿರುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಬಿಚ್ಚಿದ ಮೇಲೆ ಆ ರಕ್ಷಣೆ ಅಷ್ಟಕ್ಕಷ್ಟೇ.

ತೇವ ಜಾಸ್ತಿ ಇದ್ದರೆ ಬಿಳಿ ಕಾಗದದ ಮೇಲೆ ಹರಡಿ, ನೆರಳಿನಲ್ಲಿ ಇಡಿ. ಜನವರಿಯಲ್ಲಾದರೆ ಅರ್ಧ ಗಂಟೆಯಿಂದ ಎರಡು ಗಂಟೆ. ಬಿಸಿಲಿಗೆ ಬೇಡ. ಮಳೆಗಾಲದಲ್ಲೇ ಮಾಡಲೇಬೇಕಾದ ಪ್ರಸಂಗ ಬಂದರೆ ಫ್ಯಾನ್ ಹಾಕಿ ಪ್ರಯೋಜನವಿಲ್ಲ, ಫ್ಯಾನ್ ತರುವುದೂ ಅದೇ ಒದ್ದೆ ಗಾಳಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎಲೆಯನ್ನು ತಟ್ಟೆಯ ಮೇಲೆ ಹರಡಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿ. ಕೆಲವು ಗಂಟೆಗೊಮ್ಮೆ ನೋಡಿ.

ಒಣಗಿದ್ದರೆ ಅಗಲದ ಬಟ್ಟಲಿಗೆ ಹಾಕಿ, ಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ ಹೊದಿಸಿ. ಬಟ್ಟೆ ಎಲೆಗೆ ತಾಗಬಾರದು. ಸೇಬಿನ ಹೋಳು, ಆಲೂಗಡ್ಡೆ ಹೋಳು ಹಾಕುವ ಹಳೇ ಉಪಾಯ ನಮ್ಮ ಹವೆಗೆ ಆಗುವುದಿಲ್ಲ. ಹಣ್ಣಿನ ಜೊತೆ ಬೂಷ್ಟನ್ನೂ ಬರಮಾಡಿಕೊಂಡಂತೆ.

ಹೆಜ್ಜೆ 3: ಜಾರ್

ಗಾಜು, ಬಿಗಿ ಮುಚ್ಚಳ. ಇಷ್ಟೇ ಬೇಕಾದದ್ದು. ರಬ್ಬರ್ ಬಳೆ ಇರುವ ಕ್ಲಿಪ್ ಜಾರ್ ಅಥವಾ ಒಳಗೆ ಪದರ ಇರುವ ಲೋಹದ ತಿರುಪು ಮುಚ್ಚಳದ ಜಾರ್. ಜಿಪ್ ಕವರ್ ಆಗುವುದಿಲ್ಲ, ಪ್ಲಾಸ್ಟಿಕ್‌ನಲ್ಲಿ ತೇವ ನುಸುಳುತ್ತದೆ, ಪರಿಮಳ ಹೊರಗೆ ಹೋಗುತ್ತದೆ. ಪಿಂಗಾಣಿ ಭರಣಿ ನೋಡಲು ಚೆಂದ, ಆದರೆ ಮುಚ್ಚಳ ಬಿಗಿ ಅಲ್ಲ. ಉಪ್ಪಿನಕಾಯಿ ಹಾಕಿದ್ದ ಜಾರ್ ಬೇಡವೇ ಬೇಡ. ಎಷ್ಟು ತೊಳೆದರೂ ಮುಚ್ಚಳದ ಪದರದಲ್ಲಿ ಇಂಗು ಕೂತಿರುತ್ತದೆ.

ಸಣ್ಣ ಜಾರ್ ಆರಿಸಿ. ಕಾಲು ಲೀಟರ್ ಜಾರಿಗೆ ಸುಮಾರು 50 ಗ್ರಾಂ ಹಿಡಿಯುತ್ತದೆ. ದೊಡ್ಡದೊಂದರಲ್ಲಿ ಎಲ್ಲ ತುಂಬಿದರೆ, ರುಚಿ ನೋಡಲು ಬಿಚ್ಚಿದಾಗ ಪೂರ್ತಿಗೆ ಹೊಸ ಗಾಳಿ ಹೋಗುತ್ತದೆ. ಬಿಸಿನೀರು, ಸೋಪು ಹಾಕಿ ತೊಳೆದು, ಒಂದು ದಿನ ಪೂರ್ತಿ ಒಣಗಿಸಿ. ಮುಚ್ಚಳದ ಸಂದಿಯಲ್ಲಿ ಉಳಿದ ಒಂದು ಹನಿ ನೀರು ಸಾಕು, ನಿಮ್ಮ ತಕ್ಕಡಿ ಲೆಕ್ಕವೆಲ್ಲ ಮಣ್ಣುಪಾಲು.

ಹೆಜ್ಜೆ 4: ತುಂಬುವುದು

ಫ್ಲೇಕನ್ನು ಬಿಡಿಸದೆ ಹಲ್ಲೆ ಹಲ್ಲೆಯಾಗಿಯೇ ಇಡಿ. ಬಿಡಿ ಎಲೆಯಾದರೆ ಮೆಲ್ಲಗೆ ಒತ್ತಿ, ಗಿಡಿಯಬೇಡಿ. ಮೇಲೆ ಒಂದು ಬೆರಳು ಜಾಗ ಬಿಡಿ, ಮೊದಲ ತಿಂಗಳುಗಳ ಕೆಲಸಕ್ಕೆ ಆ ಗಾಳಿ ಬೇಕು. ಗಾಳಿ ಎಳೆದು ಪ್ಯಾಕ್ ಮಾಡುವ ಯಂತ್ರ ಇದೆ ಅಂತ ಬಳಸಬೇಡಿ. ಅದು ಎಲೆಯನ್ನು ಇದ್ದ ಹಾಗೇ ಇಡಲು ಸರಿ, ಹಣ್ಣಾಗಿಸಲು ಅಲ್ಲ.

ಜಾರಿನ ಮೇಲೆ ಹೆಸರು, ಡಬ್ಬಿಯ ತಾರೀಕು, ತುಂಬಿದ ತಾರೀಕು, ತೇವದ ಲೆಕ್ಕ ನಾಲ್ಕನ್ನೂ ಬರೆಯಿರಿ. ಇಂಕು ಮಳೆಗಾಲದಲ್ಲಿ ಹರಡುತ್ತದೆ, ಪೆನ್ಸಿಲಿನಲ್ಲಿ ಬರೆದು ಮೇಲೆ ಟೇಪ್ ಅಂಟಿಸಿ.

ಅವಸರದವರು ಜಾರನ್ನು ಓವನ್‌ನಲ್ಲಿಟ್ಟು ಒಂದೇ ದಿನದಲ್ಲಿ ಹತ್ತು ವರ್ಷ ತರಲು ನೋಡುತ್ತಾರೆ. ಎಲೆ ಕಪ್ಪಾಗುತ್ತದೆ ನಿಜ. ಬರುವುದು ಬೇಯಿಸಿದ ರುಚಿ, ಹಳೆಯ ರುಚಿ ಅಲ್ಲ. ಬಿಗಿ ಮುಚ್ಚಿದ ಗಾಜು ಬಿಸಿಗೆ ಸಿಡಿಯಲೂಬಹುದು.

ಹೆಜ್ಜೆ 5: ಮನೆಯಲ್ಲಿ ಎಲ್ಲಿ?

ಕತ್ತಲೆ, ತಂಪು, ಏರಿಳಿತ ಇಲ್ಲದ ಜಾಗ. 18ರಿಂದ 24 ಡಿಗ್ರಿ ಇದ್ದರೆ ಚೆನ್ನ. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರ್ ಹತ್ತಿರ, ಚಿಕ್ಕಮಗಳೂರು ಅದಕ್ಕೂ ಮೇಲೆ. ಬೇಸಿಗೆಯ ಕೆಲವು ವಾರ ಬಿಟ್ಟರೆ ನಮಗೆ ಇದು ಪುಕ್ಕಟೆ ಸಿಗುವ ಹವೆ. ಬಿಸಿಲೂರಿನವರು ಇದಕ್ಕೆ ಏಸಿ ಹಾಕಬೇಕು.

ನಡುಮನೆಯ ಮರದ ಬೀರು ಒಳ್ಳೆಯ ಜಾಗ. ಹಳೇ ಮನೆಯ ಒಳಕೋಣೆಯ ನಾಗಂದಿಗೆಯೂ ಆಗುತ್ತದೆ, ಜಾರ್‌ಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಬೆಳಕಿನ ಚಿಂತೆ ಇಲ್ಲ. ಅಟ್ಟ ಬೇಡ, ಹೆಂಚಿನ ಕೆಳಗೆ ಏಪ್ರಿಲ್‌ನಲ್ಲಿ ಕಾದ ಬಾಣಲೆ. ಎರಚಲು ಬಡಿಯುವ ಗೋಡೆಯ ಗೂಡೂ ಬೇಡ. ಫ್ರಿಜ್ಜಿನಲ್ಲಿ ಎಲೆಯ ಕೆಲಸ ನಿಂತೇಹೋಗುತ್ತದೆ. ಮೆಣಸು, ಏಲಕ್ಕಿ, ಕಾಫಿ ಇಡುವ ಕೋಣೆಯಿಂದ ದೂರ ಇಡಿ, ಅಪ್ಪಿತಪ್ಪಿ ಒಂದು ಮುಚ್ಚಳ ಸಡಿಲಾದರೂ ವಾಸನೆ ಸೇರುತ್ತದೆ.

ಬಿಚ್ಚದ ತಗಡಿನ ಡಬ್ಬಿಗಳ ಶತ್ರು ತುಕ್ಕು. ಗುಂಡು ಡಬ್ಬಿಯ ಮುಚ್ಚಳ ಬಹುಕಾಲ ಬಿಗಿ ಇರುತ್ತದೆ, ಚಪ್ಪಟೆ ಚೌಕ ಡಬ್ಬಿಯ ಮೂಲೆಗಳನ್ನು ಅಷ್ಟು ನಂಬುವ ಹಾಗಿಲ್ಲ. ಪ್ರತಿ ಡಬ್ಬಿಯನ್ನು ಸಿಲಿಕಾ ಜೆಲ್ ಜೊತೆ ಕವರ್‌ನಲ್ಲಿ ಹಾಕಿಡಿ. ದೀಪಾವಳಿಯ ಹೊತ್ತಿಗೆ, ಮಳೆ ನಿಂತ ಮೇಲೆ, ಅಂಚುಗಳನ್ನು ಒಮ್ಮೆ ನೋಡಿ. ತುಕ್ಕಿನ ಚುಕ್ಕೆ ಕಂಡರೆ ಆ ಎಲೆಯನ್ನು ಮುಂದಿನ ಜನವರಿಗೆ ಜಾರಿಗೆ ವರ್ಗಾಯಿಸಿ. ಡಬ್ಬಿ ಸ್ವಲ್ಪ ಊದಿಕೊಂಡಿದ್ದರೆ ಗಾಬರಿ ಬೇಡ. ಒಳಗೆ ಹುದುಗುವಾಗ ಅನಿಲ ಬರುತ್ತದೆ.

ಹೆಜ್ಜೆ 6: ಕೈ ಕಟ್ಟಿಕೊಂಡು ಕೂರುವುದು

ಬಿಚ್ಚಿ ಮೂಸುವ ಚಪಲ ಬಿಡಬೇಕು. ಒಂದೇ ತಂಬಾಕಿನ ನಾಲ್ಕು ಸಣ್ಣ ಜಾರ್ ತುಂಬಿಸಿದರೆ ಚಪಲಕ್ಕೂ ದಾರಿ ಸಿಗುತ್ತದೆ. ಒಂದನ್ನು ಆರು ತಿಂಗಳಿಗೆ, ಒಂದನ್ನು ಎರಡು ವರ್ಷಕ್ಕೆ, ಒಂದನ್ನು ಐದಕ್ಕೆ ಬಿಚ್ಚಿ. ನಾಲ್ಕನೆಯದನ್ನು ಮರೆತುಬಿಡಿ.

ಮೊದಲ ಆರು ತಿಂಗಳಲ್ಲಿ ಹಸಿ ಚುರುಕು ಮಾತ್ರ ತಗ್ಗುತ್ತದೆ. ವರ್ಷದ ಮೇಲೆ ವರ್ಜೀನಿಯಾದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಮೂರರಿಂದ ಐದು ವರ್ಷದ ನಡುವೆ ದೊಡ್ಡ ಜಿಗಿತ. ಹತ್ತರ ಮೇಲೆ ಸಿಗುವುದು ಆಳ, ಆದರೆ ಹೊಸತನದ ಚುರುಕು ಪೂರ್ತಿ ಹೋಗಿರುತ್ತದೆ. ಇಪ್ಪತ್ತು ವರ್ಷದ್ದು ಹತ್ತರದ್ದಕ್ಕಿಂತ ಎರಡು ಪಟ್ಟು ಚೆನ್ನಾಗಿರುತ್ತದೆ ಅಂತ ಯಾರಾದರೂ ಹೇಳಿದರೆ, ಅವರು ಮಾರಲು ಇಟ್ಟಿದ್ದಾರಾ ಅಂತ ಮೊದಲು ನೋಡಿ.

ಹಳೇ ಡಬ್ಬಿಗಳ ಬೆಲೆ ಏರಿದ್ದಕ್ಕೆ ರುಚಿಯೊಂದೇ ಕಾರಣ ಅಲ್ಲ. ಅಮೆರಿಕದ ಮೆಕ್ಲೆಲಂಡ್ ಕಂಪನಿ 2018ರಲ್ಲಿ ಮುಚ್ಚಿತು. ಅದೇ ಹೊತ್ತಿಗೆ ಡನ್‌ಹಿಲ್ ಹೆಸರಿನ ಪೈಪ್ ತಂಬಾಕೂ ನಿಂತು, ಆ ಮಿಶ್ರಣಗಳು ಆಮೇಲೆ ಪೀಟರ್ಸನ್ ಹೆಸರಿನಲ್ಲಿ ಬಂದವು. ಆ ಹಳೇ ಡಬ್ಬಿಗಳನ್ನು ಜನ ಕೂಡಿಡುವುದು ಮತ್ತೆ ಸಿಗುವುದಿಲ್ಲ ಅಂತ. ಸಿಗದಿರುವುದಕ್ಕೆ ಕೊಡುವ ದುಡ್ಡು ಬೇರೆ, ರುಚಿಗೆ ಕೊಡುವ ದುಡ್ಡು ಬೇರೆ.

ಹೆಜ್ಜೆ 7: ಬಿಚ್ಚುವ ದಿನ

ಮುಚ್ಚಳ ತೆಗೆದಾಗ ಟಪ್ ಅಂತ ಸದ್ದು ಬಂದರೆ ಬಿಗಿ ಸರಿಯಾಗಿತ್ತು ಅಂತ. ಮೊದಲ ವಾಸನೆ ಗಾಢವಾಗಿ, ಹುಳಿಯಾಗಿ, ಕೆಲವೊಮ್ಮೆ ವಿನೆಗರ್ ತರ ಇರುತ್ತದೆ. ಕೂಡಲೇ ಸೇದಬೇಡಿ. ಬೇಕಾದಷ್ಟನ್ನು ಕಾಗದದ ಮೇಲೆ ಹಾಕಿ, ಒಂದೆರಡು ಗಂಟೆ ಬಿಡಿ. ಇಟ್ಟಾಗ 15 ಇದ್ದ ತೇವ ಸೇದುವಾಗ 12ರ ಹತ್ತಿರ ಇದ್ದರೆ ನಾಲಿಗೆ ಉರಿಯುವುದಿಲ್ಲ.

ನಿಜವಾಗಿ ಏನು ಬದಲಾಗಿದೆ ಅಂತ ತಿಳಿಯಬೇಕಾದರೆ ಅದೇ ಬ್ರ್ಯಾಂಡಿನ ಹೊಸದನ್ನು ಪಕ್ಕದಲ್ಲಿಟ್ಟು ನೋಡಬೇಕು. ನೆನಪು ನಂಬುವಂಥದ್ದಲ್ಲ, ಕಾದವರಿಗೆ ಚೆನ್ನಾಗಿದೆ ಅಂತಲೇ ಅನ್ನಿಸುತ್ತದೆ. ಎರಡನ್ನೂ ಒಂದೇ ತೇವಕ್ಕೆ ತನ್ನಿ. ಬ್ರಯರ್ ಅನ್ನುವ ಮರದ ಪೈಪು ಹಿಂದೆ ಸೇದಿದ್ದರ ವಾಸನೆ ಹಿಡಿದುಕೊಂಡಿರುತ್ತದೆ. ಒಂದೇ ಅಳತೆಯ, ಹೊಸ, ಮೆಕ್ಕೆಜೋಳದ ದಿಂಡಿನ ಎರಡು ಪೈಪು ಬಳಸಿ, ಅಥವಾ ಮೀರ್‌ಶಾಮ್ ಅನ್ನುವ ಬಿಳಿ ಮೆದುಕಲ್ಲಿನ ಪೈಪು. ಬೆಳಿಗ್ಗೆ ತಿಂಡಿ ಆದ ಮೇಲೆ, ಕಾಫಿ ಕುಡಿಯುವ ಮುಂಚೆ ಮಾಡಿ. ಫಿಲ್ಟರ್ ಕಾಫಿ ಆದಮೇಲೆ ನಾಲಿಗೆಗೆ ಇಂಥ ಸಣ್ಣ ವ್ಯತ್ಯಾಸ ಹತ್ತುವುದಿಲ್ಲ. ನಿಧಾನವಾಗಿ, ಬೌಲ್ ಕೈಗೆ ಸುಡದ ಹಾಗೆ ಸೇದಿ. ಬಾಯಿಯ ಹೊಗೆಯಲ್ಲಿ ಸ್ವಲ್ಪವನ್ನು ಮೂಗಿನಿಂದ ಬಿಟ್ಟರೆ ಹಣ್ಣಿನ, ಬೆಲ್ಲದ ವಾಸನೆ ಅಲ್ಲೇ ಸ್ಪಷ್ಟ.

ಬೂಷ್ಟೋ, ಹರಳೋ?

ಹಳೇ ವರ್ಜೀನಿಯಾ ಮೇಲೆ ಬಿಳಿ ಚುಕ್ಕೆ ಕಂಡು ಒಳ್ಳೆಯ ಎಲೆಯನ್ನೇ ಎಸೆದವರಿದ್ದಾರೆ. ಬೂಷ್ಟನ್ನೇ ಹರಳು ಅಂದುಕೊಂಡು ಸೇದಿದವರೂ ಇದ್ದಾರೆ. ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ನೋಡಿ. ಹರಳಾದರೆ ಮಿಣುಕುತ್ತದೆ, ಎಲೆಗೆ ಅಂಟಿಕೊಂಡ ಪುಡಿ ಸಕ್ಕರೆ ತರ ಇರುತ್ತದೆ, ವಾಸನೆ ಸಿಹಿ. ಅದು ಒಳಗಿನ ಸಕ್ಕರೆ, ಲವಣಗಳು ಮೇಲೆ ಬಂದು ಕೂತಿದ್ದು. ಬೂಷ್ಟು ಮಿಣುಕುವುದಿಲ್ಲ. ನವಿರಾದ ಕೂದಲಿರುತ್ತದೆ, ಎಲೆಯಿಂದ ಎಲೆಗೆ ಜೇಡನ ಬಲೆಯಂತೆ ಎಳೆ ಕಟ್ಟುತ್ತದೆ. ಮಳೆಗಾಲದ ಹಳೇ ಪುಸ್ತಕದ ಮುಗ್ಗಲು ವಾಸನೆ ಬರುತ್ತದೆ.

ಬೂಷ್ಟು ಅಂತ ಖಾತ್ರಿಯಾದರೆ ಆ ಜಾರಿನದ್ದು ಪೂರ್ತಿ ಹೋಯಿತು. ಮೇಲಿನದ್ದು ತೆಗೆದು ಕೆಳಗಿನದ್ದು ಉಳಿಸಿಕೊಳ್ಳುವುದು, ಬಿಸಿಲಿಗೆ ಹಾಕುವುದು, ಓವನ್‌ನಲ್ಲಿಡುವುದು ಯಾವುದೂ ಬೇಡ. ಎಳೆಗಳು ಕಾಣದ ಕಡೆಯೂ ಇರುತ್ತವೆ, ಕೆಲವು ಬೂಷ್ಟಿನ ವಿಷ ಬಿಸಿಗೆ ಹೋಗುವುದಿಲ್ಲ. ಅದೇ ದಿನ ತುಂಬಿದ ಬೇರೆ ಜಾರ್‌ಗಳನ್ನೂ ಬೆಳಕಿಗೆ ಹಿಡಿದು ನೋಡಿ. ಮುಚ್ಚಳದ ಕೆಳಗೆ, ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಅದಿನ್ನೂ ಒದ್ದೆ ಅಂತ ಅರ್ಥ. ಅದನ್ನು ಆವತ್ತೇ ಬಿಚ್ಚಿ, ಹೊರಗೆ ಮಳೆಯಿದ್ದರೆ ಸಿಲಿಕಾ ಜೆಲ್ ಡಬ್ಬಿಯಲ್ಲೇ ಒಣಗಿಸಿ, ತೂಗಿ ನೋಡಿ, ಆಮೇಲೆ ಹೊಸ ತಾರೀಕು ಬರೆದು ಮುಚ್ಚಿ.